ಎಕ್ಸ್‌ರೇ ರೂಮಿನ ಎಚ್ಚರಿಕೆ ಜನರಿಗೆ ಮುಟ್ಟಿದ್ದು ಹೇಗೆ: ನನ್ನ ಅನುಭವ

ಎಕ್ಸ್‌ರೇ ರೂಮಿನ ಬಾಗಿಲಿಗೆ ಎಚ್ಚರಿಕೆಯ ಬೋರ್ಡ್ ಹಾಕಿದರೆ ನಮ್ಮ ಕೆಲಸ ಮುಗಿಯಿತು, ಓದುವುದು ಬಿಡುವುದು ಪೇಷಂಟ್‌ಗೆ ಬಿಟ್ಟಿದ್ದು. ನಮ್ಮ ವಿಭಾಗದಲ್ಲಿ ಎಲ್ಲರ ಮಾತೂ ಇದೇ ಆಗಿತ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅಂದವರೇ ಈಗ ನಾನು ಪೇಷಂಟ್‌ಗಳಿಗೆ ಕೊಡುವ ಎಚ್ಚರಿಕೆಯ ಹಾಳೆಯ ಪ್ರತಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬೆಂಚಿನ ಮೇಲೆ ಕಾಯುವವರನ್ನೇ ಕೇಳುತ್ತಾ ಹೋದೆ, ಹಳದಿ ಮೇಲಿನ ಆ ಮೂರು ಎಸಳಿನ ರೇಡಿಯೇಷನ್ ಗುರುತು ತೋರಿಸಿ, ಇದು ಏನು ಅಂತ. ಫ್ಯಾನ್ ಅಂದವರು ಬಹಳ ಜನ. ತಪ್ಪು ಅವರದಲ್ಲ. 1946ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಗುರುತು ಅದು, ಯಾರಾದರೂ ಹೇಳಿಕೊಡದೆ ಗೊತ್ತಾಗುವುದೇ ಇಲ್ಲ. ಹಾಗಾದರೆ 2007ರಲ್ಲಿ ಬಂದ ತಲೆಬುರುಡೆಯ ಕೆಂಪು ತ್ರಿಕೋನ ಅಂಟಿಸೋಣ ಅಂದರು ಒಬ್ಬರು. ಅದು ಅಪಾಯಕಾರಿ ರೇಡಿಯೇಷನ್ ಸೋರ್ಸ್ ಇರುವ ಉಪಕರಣದ ಮೈಮೇಲೆ ಇರಬೇಕಾದದ್ದು, ಬಾಗಿಲಿಗಲ್ಲ.

ಜಾಸ್ತಿ ದುಡ್ಡು ತಿಂದಿದ್ದು ಹೊಳೆಯುವ ದೊಡ್ಡ ಬೋರ್ಡ್. ತುಂಬಾ ಅಕ್ಷರ, ಎರಡನೇ ಸಾಲಿಗೆ ಯಾರ ಕಣ್ಣೂ ಇಳಿಯಲಿಲ್ಲ. ಟಿವಿಯಲ್ಲಿ ಸ್ಲೈಡ್ ಹಾಕಿದರೆ ಚಾನೆಲ್ ಬದಲಿಸಿ ಅಂದರು. ಕೆಂಪಕ್ಷರದಲ್ಲಿ ಅಪಾಯ ಅಂತ ಬರೆಸಿದಾಗಲಂತೂ ಕೆಲವರು ಹೆದರಿ, ಬೇಕೇ ಬೇಕಾಗಿದ್ದ ಎಕ್ಸ್‌ರೇ ತೆಗೆಸದೇ ಎದ್ದು ಹೋದರು. ಅದನ್ನು ಅವತ್ತೇ ಕಿತ್ತೆವು.

ಮೊದಲು ಕೆಲಸಕ್ಕೆ ಬಂದಿದ್ದು ಬಾಗಿಲ ಮೇಲಿನ ದೀಪ. ನಮ್ಮ ಕೆಂಪು ದೀಪ ರೂಮಿನ ಸ್ವಿಚ್ಚಿಗೆ ಸೇರಿತ್ತು, ಬೆಳಿಗ್ಗೆಯಿಂದ ಸಂಜೆವರೆಗೆ ಉರಿಯುತ್ತಲೇ ಇರುತ್ತಿತ್ತು. ಯಾವಾಗಲೂ ಉರಿಯುವ ದೀಪಕ್ಕೆ ಯಾರು ಹೆದರುತ್ತಾರೆ? ಸರ್ವಿಸ್ ಎಂಜಿನಿಯರ್ ಹಿಂದೆ ಬಿದ್ದು ಅದನ್ನು ಎಕ್ಸ್‌ರೇ ಟ್ಯೂಬಿಗೆ ಕರೆಂಟ್ ಕೊಡುವ ಜನರೇಟರಿಗೆ ಸೇರಿಸುವಂತೆ ಮಾಡಿದೆ. ಈಗ ಟ್ಯೂಬ್ ತಯಾರಾಗುವಾಗ ಹೊತ್ತಿ, ಎಕ್ಸ್‌ಪೋಜರ್, ಅಂದರೆ ಕಿರಣ ಬಿಡುವುದು, ಮುಗಿದ ತಕ್ಷಣ ಆರುತ್ತದೆ. ಜನ ತಲೆ ಎತ್ತಿ ನೋಡುತ್ತಾರೆ, ನಡುವೆ ಬಾಗಿಲು ತಳ್ಳುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಆಮೇಲೆ ಹಾಳೆ. ಟೋಕನ್ ಜೊತೆ ಕೈಗೆ ಕೊಡುವುದು. ಮೂರೇ ಚಿತ್ರ: ಗರ್ಭ ನಿಂತಿರಬಹುದು ಅನ್ನಿಸಿದರೆ ಮೊದಲೇ ಹೇಳಿ, ದೀಪ ಉರಿಯುವಾಗ ಬಾಗಿಲು ತೆಗೆಯಬೇಡಿ, ಜೊತೆಗೆ ಬಂದವರು ಹೊರಗಿರಿ. ಒಳಗೆ ಕರೆಯುವ ಮುಂಚೆ "ದೀಪ ಹೊತ್ತಿದರೆ ಏನ್ ಮಾಡ್ತೀರಮ್ಮಾ?" ಅಂತ ಅವರ ಬಾಯಿಂದಲೇ ಹೇಳಿಸುತ್ತೇನೆ. ಇದನ್ನು ಬಿಟ್ಟರೆ ಹಾಳೆ ಬರೀ ಬೀಸಣಿಗೆ. ಮುಟ್ಟಿನ ವಿಷಯ ಮಾತ್ರ ಮನೆಯವರ ಎದುರು ಕೇಳಬೇಡಿ, "ಇಲ್ಲ" ಅಂತಲೇ ಬರುತ್ತದೆ. ಒಬ್ಬರೇ ಇದ್ದಾಗ ಕೊನೆಯ ಮುಟ್ಟಿನ ತಾರೀಖು ಕೇಳಿ. ಅದಕ್ಕೆ ನಾನು ಪೀಠಿಕೆ ಹಾಕುವ ರೀತಿ ಬೇರೆ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಟ್ಟು ಖರ್ಚು ಕಿರಣ ತಡೆಯಲು ತೊಡುವ ಒಂದು ಲೆಡ್ (ಸೀಸದ) ಏಪ್ರನ್ನಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎದೆಯ ಎಕ್ಸ್‌ರೇಗೆ 0.02 ಮಿಲಿಸೀವರ್ಟ್ (ಮೈಗೆ ತಾಗುವ ರೇಡಿಯೇಷನ್ ಅಳತೆ) ಅಂದರೆ ಯಾರ ಮುಖದಲ್ಲೂ ಏನೂ ಕಾಣಲ್ಲ. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸುಮಾರು 2.4 ಸಿಗುತ್ತದೆ, ಇದು ಅದರ ಮೂರು ದಿನದ ಪಾಲು ಅಂದರೆ ಮುಖ ಸಡಿಲವಾಗುತ್ತದೆ. ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಅದೇ ಲೆಕ್ಕ ಮೂರು ವರ್ಷದ ಆಸುಪಾಸು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ, ಯಾಕೆ ಬೇಕು ಅಂತಲೂ ಹೇಳುತ್ತೇನೆ.

ಈಗ ಎಂಆರ್‌ಐ ಕಡೆಗೆ ಹೊರಟಿದ್ದೇನೆ. ಅಲ್ಲಿ ಇಲ್ಲದ ರೇಡಿಯೇಷನ್‌ಗೆ ಹೆದರುತ್ತಾರೆ, ಜೇಬಿನಲ್ಲಿ ಕೀ ಇಟ್ಟುಕೊಂಡು ಒಳಗೆ ನುಗ್ಗುತ್ತಾರೆ. ಕಬ್ಬಿಣ ಎಳೆಯುವ ಅಲ್ಲಿನ ದೊಡ್ಡ ಮ್ಯಾಗ್ನೆಟ್ ಹಗಲು ರಾತ್ರಿ ಆನ್ ಇರುತ್ತದೆ ಅಲ್ವಾ, ದೀಪದ ಉಪಾಯ ಅಲ್ಲಿ ನಡೆಯಲ್ಲ. ಬೇರೆ ಚಿತ್ರ ಬರೆಸುತ್ತಿದ್ದೇನೆ.