ಪ್ಲಗಿನ್ ಇಲ್ಲದೆ ಹಳೆ ಫ್ಲ್ಯಾಶ್ ಪಾಠ ಓಡಿಸಿದ್ದು: ನನ್ನ ಅನುಭವ

ತುಮಕೂರು, ಗುಬ್ಬಿ, ಸಿರಾ ಕಡೆಯ ಶಾಲೆಗಳಿಗೆ ಮಾಡಿಕೊಟ್ಟಿದ್ದ ವಿಜ್ಞಾನದ ಫ್ಲ್ಯಾಶ್ ಪಾಠಗಳು ಸುಮಾರು 140. ಫ್ಲ್ಯಾಶ್ ಅಂದರೆ ಬ್ರೌಸರಿನೊಳಗೆ ಅನಿಮೇಷನ್, ಕ್ವಿಜ್ ಓಡಿಸುತ್ತಿದ್ದ ಅಡೋಬಿ ಕಂಪನಿಯ ಪ್ಲಗಿನ್ (ಬ್ರೌಸರಿಗೆ ಸೇರಿಸುವ ತಂತ್ರಾಂಶ). 2021ರ ಜನವರಿ 12ರಂದು ಅಡೋಬಿ ಅದರ ಬಾಗಿಲು ಹಾಕಿತು, ಎಲ್ಲವೂ ಒಟ್ಟಿಗೆ ನಿಂತವು. ‘ಎಚ್‌ಟಿಎಂಎಲ್5ನಲ್ಲಿ, ಅಂದರೆ ಪ್ಲಗಿನ್ ಬೇಡದ ಈಗಿನ ವೆಬ್ ಭಾಷೆಯಲ್ಲಿ, ಹೊಸದಾಗಿ ಮಾಡಿಸಿ, ಫ್ಲ್ಯಾಶ್ ಮುಗಿದ ಕಥೆ’ ಅಂತ ಈ ಕಸುಬಿನವರೆಲ್ಲ ಅಂದರು. ಪಾಠಕ್ಕೆ 3,000 ರೂಪಾಯಿಯಂತೆ ನಾಲ್ಕು ಲಕ್ಷದ ಮೇಲೆ ಆಗುತ್ತಿತ್ತು. ಈಗ 125ರಷ್ಟು ಪಾಠ ಮೊಬೈಲಿನಲ್ಲೂ ಓಡುತ್ತಿವೆ. ಖರ್ಚು 15,000 ದಾಟಿಲ್ಲ, ಅದರಲ್ಲೂ ಅರ್ಧ ತಪ್ಪು ದಾರಿಗೆ ಸುರಿದದ್ದು.

ಮೊದಲ ತಪ್ಪು: ಲ್ಯಾಬ್‌ಗಳಲ್ಲಿ ಹಳೆ ಫೈರ್‌ಫಾಕ್ಸ್ ಇಟ್ಟು, ಫ್ಲ್ಯಾಶ್ ಫೋಲ್ಡರಿನ ಎಂಎಂಎಸ್ ಕಾನ್ಫಿಗ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ನಮ್ಮ ವಿಳಾಸಕ್ಕೆ ಅನುಮತಿ ಬರೆದದ್ದು. 64 ಬಿಟ್ ವಿಂಡೋಸ್‌ನಲ್ಲಿ ಆ ಫೋಲ್ಡರ್ ಎರಡು ಕಡೆ ಇರುತ್ತದೆ. ಸಿಸ್ಟಮ್32ರ ಒಳಗಿನದರಲ್ಲಿ ಮಾತ್ರ ಹಾಕಿದರೆ 32 ಬಿಟ್ ಬ್ರೌಸರ್ ಓದುವುದಿಲ್ಲ. ಅದನ್ನೂ ಸರಿ ಮಾಡಿದ ಮೇಲೆ, ನೆಟ್ ಬಂದ ದಿನ ಬ್ರೌಸರ್ ತಾನೇ 85ನೇ ಆವೃತ್ತಿಗೆ ಏರಿತು. 85ರಿಂದ ಫ್ಲ್ಯಾಶೇ ಇಲ್ಲ. ಶಾಲೆಗಳ ಓಡಾಟದ ಪೆಟ್ರೋಲಿಗೆ ಹೋದದ್ದು 6,000.

ಎರಡನೆಯದು ರಫಲ್ ಎಕ್ಸ್‌ಟೆನ್ಶನ್. ರಫಲ್ ಅಂದರೆ ಅಡೋಬಿಯ ಪ್ಲಗಿನ್ ಇಲ್ಲದೆ ಫ್ಲ್ಯಾಶ್ ಫೈಲ್ ಓಡಿಸುವ ಪ್ಲೇಯರ್, ಅದನ್ನು ಬ್ರೌಸರಿಗೆ ಸೇರಿಸಿಕೊಳ್ಳುವ ತುಣುಕು ಇದು. ‘ಇದೊಂದು ಹಾಕಿಕೊಳ್ಳಿ ಸಾರ್’ ಅಂತ 30 ಮೇಷ್ಟ್ರಿಗೆ ಹೇಳಿದರೆ ಹಾಕಿಕೊಂಡವರು ನಾಲ್ಕು ಜನ. ಇದರಲ್ಲಿ ಅವರ ತಪ್ಪೇನೂ ಇಲ್ಲ. 99% ಕಂಪ್ಯೂಟರಿನಲ್ಲಿ ಫ್ಲ್ಯಾಶ್ ಇದೆ ಅಂತ ಅಡೋಬಿ ಮೆರೆಯುತ್ತಿತ್ತಲ್ಲ, ಅಷ್ಟು ಜನ ಕೈಯಾರೆ ಹಾಕಿಕೊಂಡಿದ್ದರು ಅಂದುಕೊಂಡಿರಾ? ವಿಂಡೋಸ್ ಎಕ್ಸ್‌ಪಿ ಜೊತೆಗೇ ಬಂತು, ಆಮೇಲೆ ಕ್ರೋಮ್ ಒಳಗೇ ಬಂತು. ಹೆಚ್ಚಾಗಿ ಹುಡುಕಿ ಇಳಿಸಿಕೊಳ್ಳಬೇಕಾಗಿದ್ದ ಆ ಕಾಲದ ಬೇರೆ ಪ್ಲೇಯರ್‌ಗಳಾದ ಶಾಕ್‌ವೇವ್, ರಿಯಲ್‌ಪ್ಲೇಯರ್‌ಗಳು ಯಾವತ್ತೂ ಆ ಮಟ್ಟ ಮುಟ್ಟಲಿಲ್ಲ. ಹಾಗಾಗಿ ಪ್ಲೇಯರನ್ನು ನೋಡುವವರ ತಲೆಗೆ ಕಟ್ಟದೆ ನಮ್ಮ ಸರ್ವರಿನಲ್ಲೇ ಇಟ್ಟೆ.

ರಫಲ್‌ನ ಸೆಲ್ಫ್ ಹೋಸ್ಟೆಡ್ (ನಮ್ಮ ಸರ್ವರಿನಲ್ಲೇ ಇಡುವ) ಜಿಪ್ ಬಿಚ್ಚಿ ಇಡೀ ಫೋಲ್ಡರ್ ಏರಿಸಿ. ವಾಸ್ಮ್ ಫೈಲ್, ಅಂದರೆ ಪ್ಲೇಯರಿನ ಎಂಜಿನ್, ಎರಡಿರುತ್ತವೆ. ಒಂದು ಹೆಚ್ಚುವರಿ ಅಂತ ಅಳಿಸಿದಿರೋ, ಕೆಲವು ಬ್ರೌಸರಿನಲ್ಲಿ ಪಾಠ ಏಳುವುದೇ ಇಲ್ಲ. ಸರ್ವರಿನಲ್ಲಿ ವಾಸ್ಮ್‌ನ ಮೈಮ್ ಟೈಪ್ (ಇದು ಯಾವ ಬಗೆಯ ಫೈಲ್ ಅಂತ ಬ್ರೌಸರಿಗೆ ಹೇಳುವ ಗುರುತು) ಸರಿಯಿಲ್ಲದಿದ್ದರೆ ಪಾಠ ತೆವಳುತ್ತಾ ಏಳುತ್ತದೆ, ಇಲ್ಲವೇ ಏಳುವುದೇ ಇಲ್ಲ. ಫೈಲನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಹಚ್ಚಿಡಿ, ಹಳ್ಳಿ ನೆಟ್ಟಿಗೆ ಅದೇ ಜೀವ. ಪುಟದ ಕೋಡಿನ ಮೇಲ್ಭಾಗವಾದ ಹೆಡ್‌ನಲ್ಲಿ ರಫಲ್ ಸ್ಕ್ರಿಪ್ಟ್ ಎಲ್ಲಕ್ಕಿಂತ ಮೊದಲು ಬರಲಿ. ಕೆಳಗಿದ್ದರೆ ಪುಟದಲ್ಲಿರುವ, ಫ್ಲ್ಯಾಶ್ ಇದೆಯೇ ಅಂತ ನೋಡುವ ಹಳೆಯ ವರ್ಷನ್ ಚೆಕ್ ಮೊದಲೇ ಓಡಿ ‘ಫ್ಲ್ಯಾಶ್ ಹಾಕಿಕೊಳ್ಳಿ’ ಚಿತ್ರ ತೋರಿಸಿಬಿಡುತ್ತದೆ. ಪುಟದಲ್ಲಿ ಫ್ಲ್ಯಾಶ್ ಕೂರಿಸುವ ಆಬ್ಜೆಕ್ಟ್, ಎಂಬೆಡ್ ಟ್ಯಾಗ್ ಮುಟ್ಟುವುದೇ ಬೇಡ, ರಫಲ್ ತಾನೇ ಬದಲಿಸಿಕೊಳ್ಳುತ್ತದೆ.

ಹೆಚ್ಚು ದಿನ ತಿಂದದ್ದು ಫೈಲ್ ಹೆಸರು. ವಿಂಡೋಸ್ ಸಿಡಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಲ್ಲ ಒಂದೇ. ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಮೆನು ಬರುತ್ತದೆ, ಒತ್ತಿದರೆ ಪಾಠ ಬರುವುದಿಲ್ಲ. ಎಲ್ಲವನ್ನೂ ಸಣ್ಣಕ್ಷರ ಮಾಡಿ, ಪಾಠದೊಳಗಿಂದ ಇನ್ನೊಂದು ಫೈಲ್ ಕರೆಯುವ ಲೋಡ್‌ಮೂವಿ ಸಾಲುಗಳನ್ನೂ ಜೆಪೆಕ್ಸ್ ಎಂಬ, ಫ್ಲ್ಯಾಶ್ ಫೈಲ್ ಬಿಚ್ಚುವ ತಂತ್ರಾಂಶದಲ್ಲಿ ತಿದ್ದಬೇಕಾಯಿತು.

ಆಮೇಲೆ ಕನ್ನಡ. ನುಡಿ ತಂತ್ರಾಂಶದಲ್ಲಿ ಟೈಪಿಸಿದ ಸ್ಟ್ಯಾಟಿಕ್ ಟೆಕ್ಸ್ಟ್ (ಬದಲಾಗದ ಬರಹ) ಅಚ್ಚುಕಟ್ಟಾಗಿ ಬಂತು, ಅಕ್ಷರದ ಆಕಾರ ಫೈಲಿನೊಳಗೇ ಇರುತ್ತದಲ್ಲ. ಫಾಂಟ್ ಒಳಗೆ ಸೇರಿಸದ ಡೈನಮಿಕ್ ಟೆಕ್ಸ್ಟ್ (ಪಾಠ ಓಡುವಾಗ ಬದಲಾಗುವ ಬರಹ) ಮಾತ್ರ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ಎಫ್‌ಎಲ್‌ಎ, ಅಂದರೆ ತಿದ್ದಬಲ್ಲ ಮೂಲ ಫೈಲ್, ಇದ್ದವಕ್ಕೆ ಫಾಂಟ್ ಸೇರಿಸಿ ಮತ್ತೆ ಪಬ್ಲಿಷ್ ಮಾಡಿದೆ. ಎಫ್‌ಎಲ್‌ಎ ಕಳೆದುಹೋದ 40 ಪಾಠಗಳಿಗೆ ಬೇರೆ ಉಪಾಯ. ರಫಲ್‌ನ ಫಾಂಟ್ ಸೆಟ್ಟಿಂಗುಗಳನ್ನು ಸರಿಯಾಗಿ ಓದಿದವರಿಗೆ ಹೊಳೆಯುತ್ತದೆ, ಇಲ್ಲಿ ಬಿಚ್ಚಿಡುವುದಿಲ್ಲ.

ನೆಟ್ ಇಲ್ಲದ ಲ್ಯಾಬಿನಲ್ಲಿ ಪೆನ್‌ಡ್ರೈವ್‌ನ ಪುಟವನ್ನು ಡಬಲ್ ಕ್ಲಿಕ್ ಮಾಡಿದರೆ ಓಡುವುದಿಲ್ಲ, ಲೋಕಲ್ ಫೈಲಿನಿಂದ ವಾಸ್ಮ್ ಎಳೆಯಲು ಬ್ರೌಸರ್ ಬಿಡುವುದಿಲ್ಲ. ಒಂದು ಮಷೀನಿನಲ್ಲಿ ಪೈಥಾನ್‌ನ ಒಂದೇ ಸಾಲಿನ ಸರ್ವರ್ ಎಬ್ಬಿಸಿ, ಉಳಿದ ಮಷೀನುಗಳ ಬ್ರೌಸರನ್ನು ಅದರ ಪೋರ್ಟ್ 8000ಕ್ಕೆ ತಿರುಗಿಸಿದರೆ ಆಯಿತು.

ಮಧ್ಯೆ ಜಾವಾ ಆಪ್ಲೆಟ್‌ನ (ಫ್ಲ್ಯಾಶ್‌ನಂತೆಯೇ ಪ್ಲಗಿನ್ ಬೇಕಿದ್ದ ಇನ್ನೊಂದು ಬಗೆ) ಲೋಲಕವೊಂದನ್ನು, ಪ್ಲಗಿನ್ ಇಲ್ಲದೆ ಆಪ್ಲೆಟ್ ಓಡಿಸುವ ಚೀರ್ಪ್‌ಜೆ ಹಾಕಿ ಎಬ್ಬಿಸಿ ನೋಡಿದೆ. ಎದ್ದಿತು, ಆದರೆ ಏಳುವಷ್ಟರಲ್ಲಿ ಪೀರಿಯಡ್ ಅರ್ಧ ಮುಗಿದಿರುತ್ತದೆ. ಸ್ಕ್ರೀನ್ ರೆಕಾರ್ಡ್ ಮಾಡಿ ವಿಡಿಯೊ ಮಾಡಿದ್ದೂ ಉಂಟು. ಕ್ವಿಜ್ ಸತ್ತುಹೋಗುತ್ತದೆ, ಬೇಡ.

ಉಳಿದ 15 ಪಾಠ ಫ್ಲ್ಯಾಶ್‌ನ ಪ್ರೋಗ್ರಾಮ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್ 3ರವು. ಆವೃತ್ತಿ ಎರಡರಲ್ಲಿ ಬರೆದವು ರಫಲ್‌ಗೆ ಸಲೀಸು, ಮೂರರದು ಹಟ. ತಿಂಗಳಿಗೊಮ್ಮೆ ರಫಲ್‌ನ ಹೊಸ ನೈಟ್ಲಿ ಬಿಲ್ಡ್ (ದಿನವೂ ಬರುವ ಪರೀಕ್ಷಾ ಆವೃತ್ತಿ) ಬೇರೆ ಫೋಲ್ಡರಿನಲ್ಲಿ ಇಟ್ಟು ಪರೀಕ್ಷಿಸುತ್ತೇನೆ, ಹಳೆಯದನ್ನು ಅಳಿಸುವುದಿಲ್ಲ. ಹೋದ ತಿಂಗಳು ಓಮನ ನಿಯಮದ ಪಾಠದಲ್ಲಿ ಬಲ್ಬ್ ಹತ್ತಿತು, ಸ್ಲೈಡರ್ ಇನ್ನೂ ಕದಲುತ್ತಿಲ್ಲ.