ಆಸರೆಗೂ ಆಗಬೇಕು, ಆತ್ಮರಕ್ಷಣೆಗೂ ಬೇಕು: ಗಟ್ಟಿ ಊರುಗೋಲು ಆರಿಸುವುದು ಹೇಗೆ?

ಚಪ್ಪಲಿ ಕೊಳ್ಳುವಾಗ ಎಲ್ಲರೂ ಅಳತೆ ಕೇಳುತ್ತಾರೆ. ಊರುಗೋಲು ಕೊಳ್ಳುವಾಗ ಮಾತ್ರ ಹಿಡಿಕೆಯ ಚಂದ ನೋಡಿ, ಬಣ್ಣ ನೋಡಿ, ಅಂಗಡಿಯಲ್ಲೇ ಎರಡು ಹೆಜ್ಜೆ ಹಾಕಿ 'ಇರಲಿ ಬಿಡಿ, ಇದೇ ಸಾಕು' ಅಂದುಬಿಡುತ್ತಾರೆ. ಆಮೇಲೆ ಭುಜ ನೋವು, ಬೆನ್ನು ನೋವು ಅಂತ ಒದ್ದಾಟ.

ಜೊತೆಗೆ ಇನ್ನೊಂದು ಆಸೆಯೂ ಇರುತ್ತದೆ. ನಡೆಯಲು ಆಸರೆಯಾಗಬೇಕು, ನಾಯಿಯೋ ಕಳ್ಳನೋ ಎದುರಾದರೆ ಕೈಗೊಂದು ಧೈರ್ಯವೂ ಆಗಬೇಕು. ಒಂದೇ ಕೋಲಿನಿಂದ ಎರಡೂ ಆಗುತ್ತದೆ. ಆದರೆ ಒಂದು ತೊಡಕಿದೆ: ನಿಮ್ಮ ಭಾರ ಹೊತ್ತು ನಿಂತ ಕೋಲನ್ನೇ ಎತ್ತಿ ಬೀಸಿದರೆ, ಆ ಗಳಿಗೆಯಲ್ಲಿ ನಿಮಗೆ ಆಸರೆ ಇರುವುದಿಲ್ಲ. ಆದ್ದರಿಂದ ಮೊದಲು ಆಸರೆಗೆ ಸರಿಯಾದ ಕೋಲು ಹುಡುಕಿ. ಅದರಲ್ಲಿ ಗಟ್ಟಿಯಾದದ್ದನ್ನು ಆರಿಸಿಕೊಂಡರೆ ರಕ್ಷಣೆಯ ಕೆಲಸ ಮುಕ್ಕಾಲು ಮುಗಿದ ಹಾಗೆ.

1. ಕೋಲು ಸಾಕೇ, ಮೊದಲು ಕೇಳಿಕೊಳ್ಳಿ

ಒಂದು ಕೋಲು ನಿಮ್ಮ ಮೈಭಾರದ ಕಾಲು ಭಾಗದಷ್ಟನ್ನು ಹೊರಬಲ್ಲದು, ಅದಕ್ಕಿಂತ ಜಾಸ್ತಿ ನಿರೀಕ್ಷಿಸಬೇಡಿ. ಒಂದು ಕಡೆಯ ಮಂಡಿ ಅಥವಾ ಸೊಂಟದ ಕೀಲು ನೋವು, ಸ್ವಲ್ಪ ತೂಗಾಡುವ ನಡಿಗೆ, ಇಷ್ಟಕ್ಕೆ ಕೋಲು ಸಾಕು. ಎರಡೂ ಕಾಲಿನಲ್ಲಿ ಬಲವಿಲ್ಲ, ಆಗಲೇ ಒಂದೆರಡು ಸಲ ಬಿದ್ದಿದ್ದೀರಿ ಅಂದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಅವರು ವಾಕರ್ ಬೇಕು ಅನ್ನಬಹುದು. ತಲೆ ಸುತ್ತು ಬರುತ್ತಿದ್ದರೆ ಕೋಲಿಗಿಂತ ಮೊದಲು ಡಾಕ್ಟರನ್ನು ನೋಡಬೇಕು.

2. ಎತ್ತರ: ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ

ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ. ನೆಟ್ಟಗೆ ನಿಂತು ಎರಡೂ ಕೈಗಳನ್ನು ಸುಮ್ನೆ ಜೋಲು ಬಿಡಿ. ಮಣಿಕಟ್ಟಿನ ಒಳಭಾಗದಲ್ಲಿ ಗೆರೆ ಇದೆಯಲ್ಲ, ಅಲ್ಲಿಂದ ನೆಲದವರೆಗೆ ಎಷ್ಟಿದೆಯೋ ಅಷ್ಟೇ ಕೋಲಿನ ಎತ್ತರ. ಅಳತೆಯನ್ನು ಬೇರೆಯವರು ತೆಗೆಯಲಿ. ನೀವೇ ಬಗ್ಗಿ ನೋಡಿದರೆ ಭುಜ ಇಳಿದು ಲೆಕ್ಕ ತಪ್ಪುತ್ತದೆ.

ಮರದ ಕೋಲಾದರೆ ಇನ್ನೂ ಸುಲಭ. ಕೋಲನ್ನು ತಲೆಕೆಳಗೆ ಮಾಡಿ, ಹಿಡಿಕೆಯನ್ನು ಪಾದದ ಪಕ್ಕ ನೆಲಕ್ಕೆ ತಾಗಿಸಿ. ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಕತ್ತರಿಸುವ ಮುನ್ನ ತುದಿಯ ರಬ್ಬರ್ ಬುಶ್ ತೆಗೆದು, ಅದರ ತಳ ಎಷ್ಟು ದಪ್ಪವೋ ಅಷ್ಟನ್ನು ಉದ್ದದಿಂದ ಕಳೆಯಿರಿ. ಒಂದೇ ಏಟಿಗೆ ಪೂರ್ತಿ ಕತ್ತರಿಸಲು ಹೋಗಬೇಡಿ. ಅರ್ಧ ಸೆಂಟಿಮೀಟರ್ ಉದ್ದವೇ ಬಿಟ್ಟು ನಡೆದು ನೋಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ಸರಿ ಬಂದಿದೆಯೇ ಅಂತ ತಿಳಿಯಲು ಮೊಣಕೈ ನೋಡಿ. ಕೋಲು ಹಿಡಿದು ನಿಂತಾಗ ಅದು 15ರಿಂದ 20 ಡಿಗ್ರಿಯಷ್ಟು ಮಡಚಿರಬೇಕು. ಕೋಲು ಉದ್ದವಾದರೆ ಭುಜ ಮೇಲಕ್ಕೇರಿ ಕುತ್ತಿಗೆ ಹಿಡಿಯುತ್ತದೆ, ಒತ್ತಲು ಬಲವೂ ಸಿಗುವುದಿಲ್ಲ. ಗಿಡ್ಡವಾದರೆ ಒಂದು ಪಕ್ಕಕ್ಕೆ ವಾಲಿ ನಡೆಯುತ್ತೀರಿ. ಬೆನ್ನು ಬಾಗಿದವರನ್ನು ಎಳೆದು ನೆಟ್ಟಗೆ ನಿಲ್ಲಿಸಿ ಅಳೆಯಬೇಡಿ. ಅವರು ದಿನಾ ಹೇಗೆ ನಿಲ್ಲುತ್ತಾರೋ ಹಾಗೇ ಅಳೆಯಿರಿ.

3. ಹಿಡಿಕೆ ಅಂಗೈಗೆ ಒಪ್ಪಬೇಕು

ಛತ್ರಿಯ ಹಾಗೆ ಬಾಗಿದ ಹಿಡಿಕೆ ಎಲ್ಲರಿಗೂ ಗೊತ್ತು. ಒಂದೇ ಮರವನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ್ದಾದರೆ ಅದರಲ್ಲಿ ಜೋಡಣೆಯೇ ಇಲ್ಲ, ಹಾಗಾಗಿ ಕಳಚುವ ಭಯವೂ ಇಲ್ಲ. ಮೊಣಕೈಗೆ ನೇತುಹಾಕಿಕೊಂಡು ಕೈ ಖಾಲಿ ಮಾಡಿಕೊಳ್ಳಬಹುದು. ಆದರೆ ಇಡೀ ದಿನ ಭಾರ ಹಾಕುವವರಿಗೆ ಆ ಉರುಟು ಹಿಡಿಕೆ ಅಂಗೈ ಒತ್ತುತ್ತದೆ.

ಹಾಗೆ ಭಾರ ಹಾಕುವವರಿಗೆ ಅಡ್ಡ ಹಿಡಿಕೆ ಒಳ್ಳೆಯದು. ಡರ್ಬಿ ಅನ್ನುವ ಮಾದರಿ ಮುಂದೆ ಸ್ವಲ್ಪ ಬಾಗಿ ಅಂಗೈಗೆ ಕೂರುತ್ತದೆ. ಫ್ರಿಟ್ಜ್ ಮಾದರಿ ಅದಕ್ಕಿಂತ ಚಪ್ಪಟೆ, ಬೆರಳಿನ ಗಂಟು ನೋವಿರುವವರಿಗೆ ಹಿತ. ಅಂಗೈ ಆಕಾರಕ್ಕೇ ಎರಕ ಹೊಯ್ದಂಥ ಅಗಲ ಹಿಡಿಕೆಗಳಲ್ಲಿ ಎಡಗೈಯದು ಬೇರೆ, ಬಲಗೈಯದು ಬೇರೆ. ಕೇಳಿ ತೆಗೆದುಕೊಳ್ಳಿ. ಯಾವುದೇ ಹಿಡಿಕೆಯಾದರೂ ಬೆರಳು ಸುತ್ತಿದಾಗ ಹೆಬ್ಬೆರಳ ತುದಿ ಉಳಿದ ಬೆರಳುಗಳಿಗೆ ಹತ್ತಿರ ಬರಬೇಕು.

ಗುಂಡಗಿನ ಲೋಹದ ಗುಬುಟು, ಸಿಂಹದ ಮುಖ, ಹದ್ದಿನ ಕೊಕ್ಕು ಇರುವ ಕೋಲುಗಳು ಏಟು ಕೊಡಲು ಚೆನ್ನ ಅಂತ ಮಾರುತ್ತಾರೆ. ಹತ್ತು ನಿಮಿಷ ಅದರ ಮೇಲೆ ಭಾರ ಹಾಕಿ ನಡೆಯಿರಿ, ಕೊಕ್ಕು ಯಾರಿಗೆ ಚುಚ್ಚುತ್ತದೆ ಅಂತ ಗೊತ್ತಾಗುತ್ತದೆ.

4. ಮರವೋ, ಲೋಹವೋ?

ನನ್ನ ಮತ ಮರಕ್ಕೆ. ಅದರಲ್ಲೂ ಏಟು ತಾಳುವ ಮರಕ್ಕೆ. ಆ್ಯಶ್ ಮತ್ತು ಹಿಕರಿ ಮರಗಳನ್ನು ಸುತ್ತಿಗೆ, ಕೊಡಲಿಗಳ ಕಾವಿಗೆ ಬಳಸುತ್ತಾರೆ. ಅವು ಹೊಡೆತವನ್ನು ಹೀರಿಕೊಳ್ಳುತ್ತವೆ, ಥಟ್ಟನೆ ಮುರಿಯುವುದಿಲ್ಲ. ಓಕ್ ಕೂಡ ಗಟ್ಟಿ. ಕರಿಮರ ನೋಡಲು ಭಾರೀ ಚಂದ, ಗಡುಸೂ ಹೌದು, ಆದರೆ ಪೆಡಸು. ದಪ್ಪ ಬೆತ್ತ ಹಗುರ. ಅದು ಬಳುಕುತ್ತದೆ, ಕೆಟ್ಟರೂ ಎಳೆ ಎಳೆಯಾಗಿ ಸೀಳುತ್ತದೆಯೇ ಹೊರತು ಎರಡು ತುಂಡಾಗುವುದು ಕಡಿಮೆ. ಬಿದಿರು ಉದ್ದಕ್ಕೆ ಬಿರುಕು ಬಿಡುತ್ತದೆ, ಅದರ ಮೇಲೆ ಕಣ್ಣಿಟ್ಟಿರಬೇಕು.

ಮರದ ಹೆಸರಿಗಿಂತ ಅದರ ಎಳೆ ಮುಖ್ಯ. ಕೋಲನ್ನು ಬೆಳಕಿಗೆ ಹಿಡಿದು ಒಂದು ಎಳೆಯನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಅದು ಹಿಡಿಕೆಯಿಂದ ತುದಿಯ ಕಡೆಗೆ ಕೋಲಿನ ಜೊತೆಗೇ ಸಾಗಬೇಕು. ಒಂದು ಪಕ್ಕದಲ್ಲಿ ಶುರುವಾದ ಎಳೆ ಗೇಣುದ್ದ ಹೋಗುವಷ್ಟರಲ್ಲಿ ಓರೆಯಾಗಿ ಇನ್ನೊಂದು ಪಕ್ಕಕ್ಕೆ ಜಾರಿ ಮಾಯವಾದರೆ, ಕೋಲು ಮುರಿಯುವುದು ಅದೇ ಓರೆಯಲ್ಲಿ. ಗಂಟುಗಳನ್ನೂ ನೋಡಿ. ಕೊಂಬೆಯಿಂದಲೇ ಮಾಡಿದ ಕೋಲಿನಲ್ಲಿ ಮೈಗೂಡಿದ ಚಿಕ್ಕ ಗಂಟುಗಳಿದ್ದರೆ ಅಡ್ಡಿಯಿಲ್ಲ. ಹಲಗೆ ಸೀಳಿ ಉರುಟು ಮಾಡಿದ ಕೋಲಿನ ನಡುವೆ ದೊಡ್ಡ ಗಂಟಿದ್ದರೆ, ಸುತ್ತ ಕಪ್ಪು ಗೆರೆಯಿದ್ದರೆ ಬೇಡ. ದಪ್ಪ ಪಾಲಿಶ್ ಬಳಿದು ಎಳೆಯೇ ಕಾಣದ ಹಾಗಿದ್ದರೆ ಅದನ್ನೂ ಅಲ್ಲೇ ಬಿಡಿ.

ದಪ್ಪ 22ರಿಂದ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಇರಲಿ. ತೂಕ ಅರ್ಧ ಕಿಲೋ ದಾಟದಿದ್ದರೆ ಒಳ್ಳೆಯದು. ಭಾರದ ಕೋಲಿನ ಏಟು ಜೋರು, ನಿಜ. ಆದರೆ ಮಣಿಕಟ್ಟು ಸೋತು ಅದನ್ನು ಮನೆಯಲ್ಲೇ ಬಿಟ್ಟು ಹೋದರೆ ಏನು ಪ್ರಯೋಜನ?

ಅಲ್ಯೂಮಿನಿಯಂ ಕೋಲಿನ ದೊಡ್ಡ ಗುಣ ಎತ್ತರ ಹೊಂದಿಸಿಕೊಳ್ಳುವ ಅನುಕೂಲ. ಬರಿಯ ಆಸರೆಗೆ ಅದು ಧಾರಾಳ ಸಾಕು. ಆದರೆ ಒಳಗೆ ಟೊಳ್ಳು. ಜೋರಾಗಿ ಏಟು ಬಿದ್ದರೆ ತೂತುಗಳಿರುವ ಜಾಗದಲ್ಲೇ ಬಾಗುತ್ತದೆ, ಬಾಗಿದ್ದನ್ನು ಮತ್ತೆ ನಂಬುವ ಹಾಗಿಲ್ಲ. ಕಾರ್ಬನ್ ಫೈಬರ್ ಹಗುರ, ಭಾರ ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ಬೀಳುವ ಗಡುಸು ಏಟಿಗೆ ಒಡೆಯಬಹುದು. ಮಡಚುವ ಕೋಲು ಪ್ರಯಾಣಕ್ಕೆ ಸರಿ, ರಕ್ಷಣೆಯ ಲೆಕ್ಕಕ್ಕೆ ಬೇಡ.

ಕತ್ತಿ ಬಚ್ಚಿಟ್ಟ ಕೋಲಿನ ಬಗ್ಗೆ ಒಂದು ಮಾತು. ಬೇಡವೇ ಬೇಡ. ಬ್ರಿಟನ್ನಿನಲ್ಲಿ 1988ರಲ್ಲೇ ಅದರ ಮಾರಾಟ ನಿಷೇಧವಾಯಿತು, ಇನ್ನೂ ಹಲವು ದೇಶಗಳಲ್ಲಿ ಅದು ಆಯುಧದ ಲೆಕ್ಕಕ್ಕೇ ಬರುತ್ತದೆ. ಕಾನೂನು ಬದಿಗಿಡಿ, ಅಲಗು ತುರುಕಲು ಕೋಲನ್ನು ಕೊರೆದು ನಡುವೆ ಎರಡು ತುಂಡು ಮಾಡಿರುತ್ತಾರೆ. ಭಾರ ಹಾಕಲು ಅದು ಲಾಯಕ್ಕಲ್ಲ.

5. ತುದಿಯ ರಬ್ಬರ್

ಜಾರುವ ನೆಲದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಇಷ್ಟಗಲದ ಈ ರಬ್ಬರ್ ಬುಶ್. ತಳ ಅಗಲವಾಗಿರಲಿ, ಉಂಗುರದಂಥ ಗೀರುಗಳು ಆಳವಾಗಿರಲಿ. ಮರದ ಕೋಲಿಗೆ ಒಳಗೆ ಲೋಹದ ಬಿಲ್ಲೆ ಇರುವ ಬುಶ್ ಹಾಕಿದರೆ ಕೋಲಿನ ತುದಿ ರಬ್ಬರನ್ನು ಕೊರೆದು ಹೊರಬರುವುದಿಲ್ಲ. 16, 19, 22 ಮಿಲಿಮೀಟರ್ ಒಳ ಅಳತೆಯವು ಸಾಮಾನ್ಯವಾಗಿ ಸಿಗುತ್ತವೆ. ಬಿಗಿಯಾಗಿ ಕೂರುವುದನ್ನೇ ತೆಗೆದುಕೊಳ್ಳಿ.

ನಾಲ್ಕು ಕಾಲಿನ ಕೋಲು ತಾನಾಗಿ ನಿಲ್ಲುತ್ತದೆ, ಆಸರೆಯೂ ಜಾಸ್ತಿ. ಆದರೆ ನಾಲ್ಕೂ ಕಾಲು ಒಟ್ಟಿಗೆ ನೆಲ ಮುಟ್ಟಬೇಕು, ಏರುತಗ್ಗಿನ ದಾರಿಯಲ್ಲಿ ಅದು ಕಷ್ಟ. ಅದನ್ನು ಎತ್ತಿ ಬೀಸುವ ಯೋಚನೆಯನ್ನೂ ಮಾಡಬೇಡಿ.

6. ಅಂಗಡಿಯಲ್ಲೇ ಐದು ನಿಮಿಷ ಪರೀಕ್ಷೆ

ಹಿಡಿಕೆ ಬೇರೆ ತುಂಡಾಗಿದ್ದರೆ ಹಿಡಿಕೆ ಮತ್ತು ಕೋಲು ಸೇರುವ ಕಡೆ ಸಾಮಾನ್ಯವಾಗಿ ಒಂದು ಹಿತ್ತಾಳೆ ಪಟ್ಟಿ ಇರುತ್ತದೆ. ಕೋಲಿನ ಅತಿ ಬಡಪಾಯಿ ಜಾಗ ಆ ಪಟ್ಟಿಯ ಕೆಳಗೇ ಇರುತ್ತದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಿಡಿಕೆ ಹಿಡಿದು ತಿರುಚಿ. ಕಿರ್ ಅಂದರೂ, ಕೂದಲೆಳೆಯಷ್ಟು ಅಲುಗಿದರೂ ವಾಪಸ್ ಕೊಡಿ. ಬಂದೂಕಿನ ಗುರಿ ನೋಡುವ ಹಾಗೆ ಕೋಲಿನ ಉದ್ದಕ್ಕೂ ಕಣ್ಣು ಹಾಯಿಸಿ, ಸೊಟ್ಟ ಇದ್ದರೆ ಕಾಣುತ್ತದೆ. ಆಮೇಲೆ ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ನಿಧಾನವಾಗಿ ಭಾರ ಹಾಕಿ. ಒಮ್ಮೆಲೇ ಬೇಡ. ಎತ್ತರ ಹೊಂದಿಸುವ ಕೋಲಾದರೆ ಗುಂಡಿ ತೂತಿನಿಂದ ಪೂರ್ತಿ ಹೊರಬಂದಿದೆಯೇ ನೋಡಿ, ಕೆಳಗಿನ ಬಿಗಿ ಉಂಗುರ ತಿರುಗಿಸಿ, ಅಲುಗಾಡಿಸಿ. ಗಲಗಲ ಸದ್ದು ಬರಬಾರದು. ಎಷ್ಟು ಕಿಲೋ ತಡೆಯುತ್ತದೆ ಅಂತ ಚೀಟಿಯಲ್ಲಿ ಬರೆದಿರುತ್ತಾರೆ, ನಿಮ್ಮ ತೂಕಕ್ಕಿಂತ ಅದು ಸಾಕಷ್ಟು ಜಾಸ್ತಿ ಇರಲಿ.

7. ಯಾವ ಕೈಯಲ್ಲಿ ಹಿಡಿಯಬೇಕು?

ನೋವಿರುವ ಕಾಲಿನ ಪಕ್ಕದ ಕೈಯಲ್ಲೇ ಕೋಲು ಹಿಡಿಯುವವರು ಬಹಳ ಜನ. ಅದು ಉಲ್ಟಾ. ಬಲಗಾಲು ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ನೋವಿನ ಕಾಲೂ ಕೋಲೂ ಒಟ್ಟಿಗೆ ಮುಂದೆ ಹೋಗಬೇಕು. ಆಗ ಭಾರ ಎರಡರ ನಡುವೆ ಹಂಚಿಹೋಗಿ ಸೊಂಟದ ಕೀಲಿನ ಮೇಲಿನ ಒತ್ತಡ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.

ಇದರಿಂದ ರಕ್ಷಣೆಗೂ ಒಂದು ತೊಡಕು ಬರುತ್ತದೆ. ನೀವು ಬಲಗೈಯವರಾಗಿದ್ದು ಬಲಗಾಲೇ ನೋವಾದರೆ, ಆಪತ್ತು ಬಂದಾಗ ಕೋಲು ಇರುವುದು ಎಡಗೈಯಲ್ಲಿ. ಅಭ್ಯಾಸವೂ ಆ ಕೈಯಲ್ಲೇ ಆಗಬೇಕು.

8. ಆಪತ್ತಿನಲ್ಲಿ ಕೋಲು

ಕೋಲಿನಿಂದ ರಕ್ಷಿಸಿಕೊಳ್ಳುವ ವಿದ್ಯೆ ಹೊಸದೇನಲ್ಲ. 1901ರಲ್ಲಿ ಬಾರ್ಟನ್-ರೈಟ್ ಎಂಬಾತ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಗಳ ಸಮೇತ ಇದನ್ನು ವಿವರಿಸಿದ್ದ. ಸ್ವಿಟ್ಜರ್ಲೆಂಡಿನ ಪಿಯರ್ ವಿನಿ ಕಲಿಸುತ್ತಿದ್ದ ಪದ್ಧತಿ ಅದು. ಜಪಾನಿನ ಹಂಬೋ ಅನ್ನುವ ಕೋಲೂ ಸುಮಾರು 90 ಸೆಂಟಿಮೀಟರ್, ಹೆಚ್ಚುಕಡಿಮೆ ಊರುಗೋಲಿನಷ್ಟೇ. ಆದರೆ ಅಂಥ ವರಸೆಗಳು ಎರಡು ಕಾಲ ಮೇಲೆ ಗಟ್ಟಿಯಾಗಿ ನಿಲ್ಲಬಲ್ಲವರಿಗೆ. ಕೋಲಿಲ್ಲದೆ ನಿಲ್ಲಲಾಗದವರು ಮೊದಲು ಗೋಡೆಗೋ ಕಂಬಕ್ಕೋ ಬೆನ್ನು ಕೊಡಬೇಕು. ಅದಾದ ಮೇಲೆಯೇ ಕೋಲು ಎತ್ತುವ ಮಾತು.

ಕೋಲನ್ನು ತಲೆಗಿಂತ ಮೇಲಕ್ಕೆತ್ತಿ ಬೀಸಬೇಡಿ. ಸಮತೋಲ ತಪ್ಪುತ್ತದೆ, ಎದೆ ಬಯಲಾಗುತ್ತದೆ, ಎದುರಿನವನು ಕೋಲನ್ನೇ ಹಿಡಿದು ಎಳೆಯಬಹುದು. ಒಂದು ಕೈ ಹಿಡಿಕೆಯ ಹತ್ತಿರ, ಇನ್ನೊಂದು ಕೋಲಿನ ನಡುವೆ ಇಟ್ಟು, ತುದಿಯನ್ನು ಎದುರಿನವನ ಕಡೆ ತಿರುಗಿಸಿ. ಅಷ್ಟರಲ್ಲೇ ಇಬ್ಬರ ನಡುವೆ ಒಂದು ಅಂತರ ಹುಟ್ಟುತ್ತದೆ. ಜೋರಾಗಿ ಕೂಗಿ. ಮೇಲೆ ಬಿದ್ದರೆ ತುದಿಯಿಂದ ಮೊಣಕಾಲಿನ ಕೆಳಗೆ ತಿವಿದು ತಕ್ಷಣ ಹಿಂದಕ್ಕೆಳೆದುಕೊಳ್ಳಿ. ದಾರಿ ಸಿಕ್ಕ ಕೂಡಲೇ ಹೊರಡಿ. ಓಡಿಹೋಗುವವನಿಗೆ ಹಿಂದಿನಿಂದ ಬಾರಿಸಿದರೆ ಕಾನೂನಿನ ಕಣ್ಣಲ್ಲಿ ಅದು ರಕ್ಷಣೆ ಅನ್ನಿಸಿಕೊಳ್ಳುವುದು ಕಷ್ಟ. ಪರ್ಸ್ ಒಂದೇ ಕೇಳಿದರೆ ಕೊಟ್ಟುಬಿಡಿ, ಮುರಿದ ಸೊಂಟಕ್ಕಿಂತ ಅದು ಅಗ್ಗ.

ನಾಯಿ ಎದುರಾದರೆ ಓಡಬೇಡಿ, ಕೋಲು ಝಳಪಿಸಿ ಕೆರಳಿಸಲೂ ಬೇಡಿ. ತುದಿಯನ್ನು ನಿಮ್ಮಿಬ್ಬರ ನಡುವೆ ಕೆಳಗೆ ಚಾಚಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸದೆ, ನಿಧಾನಕ್ಕೆ ಪಕ್ಕಕ್ಕೆ ಸರಿಯಿರಿ. ಕಚ್ಚಲು ಬಂದರೆ ಕೋಲನ್ನೇ ಮುಂದಕ್ಕೆ ಕೊಡಿ, ಕಚ್ಚಿದರೆ ಅದನ್ನೇ ಕಚ್ಚಲಿ.

ಮಣಿಕಟ್ಟಿಗೆ ಹಾಕುವ ದಾರ ಮೆಟ್ಟಿಲಿನಲ್ಲಿ ಅನುಕೂಲ. ಆದರೆ ಯಾರಾದರೂ ಕೋಲು ಎಳೆದಾಗ ನಿಮ್ಮನ್ನೂ ಎಳೆದುಕೊಂಡು ಹೋಗುವುದು ಅದೇ. ಬೇಕೆಂದಾಗ ಹಾಕಿ ತೆಗೆಯುವಂಥದ್ದಿರಲಿ. ಇದೆಲ್ಲ ಓದಿದರೆ ಬರುವುದಿಲ್ಲ, ಕಲಿಸುವವರೊಬ್ಬರ ಎದುರು ಕುಳಿತೂ ನಿಂತೂ ಮಾಡಿ ನೋಡಬೇಕು.

9. ಕೊಂಡ ಮೇಲೆ

ಮರದ ಕೋಲನ್ನು ಬಿಸಿಲಿನಲ್ಲಿ, ಒದ್ದೆಯಲ್ಲಿ ಬಿಡಬೇಡಿ. ಪಾಲಿಶ್ ಹೋದ ಕಡೆ ಉಪ್ಪುಕಾಗದದಿಂದ ನಯವಾಗಿ ಉಜ್ಜಿ ಅಗಸೆ ಎಣ್ಣೆ ಸವರಿ. ಜೋರು ಏಟು ಬಿದ್ದ ಕೋಲನ್ನು ಮತ್ತೆ ಊರುವ ಮೊದಲು ಬೆಳಕಿನಲ್ಲಿ ಬಿರುಕು ಹುಡುಕಿ.

ತಿಂಗಳಿಗೊಮ್ಮೆ ಬುಶ್ ತಿರುಗಿಸಿ ನೋಡಿ. ಉಂಗುರಗಳು ಸವೆದು ತಳ ನುಣುಪಾಗಿದ್ದರೆ ಅವತ್ತೇ ಬದಲಿಸಿ. ಒಂದೇ ಪಕ್ಕ ಸವೆದಿದ್ದರೆ ನೀವು ಕೋಲನ್ನು ಓರೆಯಾಗಿ ಊರುತ್ತಿದ್ದೀರಿ. ಹೆಚ್ಚಾಗಿ ಅದು ಮೈಯಿಂದ ತುಂಬ ದೂರ ಬೀಳುತ್ತಿರುತ್ತದೆ, ಇಲ್ಲವೇ ಎತ್ತರ ಸರಿಯಿರುವುದಿಲ್ಲ. ಹೊಸ ಬುಶ್ ಹಾಕಿದ ಮೇಲೆ ಮಣಿಕಟ್ಟಿನ ಅಳತೆಯನ್ನು ಇನ್ನೊಮ್ಮೆ ತೆಗೆಯಿರಿ. ತಳದ ದಪ್ಪ ಬೇರೆಯಾಗಿದ್ದರೆ ಎತ್ತರವೂ ಬದಲಾಗಿರುತ್ತದೆ.