ನಿಂಬೆರಸದಲ್ಲಿ ವಿಟಮಿನ್ ಸಿ ಎಷ್ಟು? ಅಡುಗೆಮನೆಯಲ್ಲೇ ಅಳೆಯಿರಿ

ಪಿಯುಸಿ ಲ್ಯಾಬ್‌ನಲ್ಲಿ ಟೈಟ್ರೇಷನ್ (ಬಣ್ಣ ಬದಲಾಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಖರ್ಚಾಯಿತೆಂದು ಅಳೆಯುವುದು) ಮಾಡಿದವರಿಗೆಲ್ಲ ಒಂದು ಗುಟ್ಟು ಗೊತ್ತು. ಮೊದಲ ರೀಡಿಂಗ್ ಬ್ಯೂರೆಟ್‌ನಿಂದ, ಅಂದರೆ ಹನಿ ಬಿಡುವ ಗೆರೆಗಳ ಗಾಜಿನ ಕೊಳವೆಯಿಂದ ಬರುತ್ತದೆ, ಉಳಿದೆರಡು ಪೆನ್ನಿನಿಂದ ಬರುತ್ತವೆ. ಪರ್ಮಾಂಗನೇಟ್ ದ್ರಾವಣ ಬಿಡುವಾಗ ಬಣ್ಣ ನಿಲ್ಲಿಸಬೇಕಾದ ನಸುಗುಲಾಬಿ ದಾಟಿ ಕಡುಗುಲಾಬಿ ಆದರೂ ಯಾರಿಗೂ ತಲೆಬಿಸಿಯಿಲ್ಲ. ಉತ್ತರ ಹೇಗೂ ಪಕ್ಕದವರ ರೆಕಾರ್ಡ್‌ನಲ್ಲಿದೆ, ಅಲ್ವಾ? ಅದಕ್ಕೇ ಉತ್ತರ ಯಾರ ಹತ್ತಿರವೂ ಇಲ್ಲದ ಒಂದು ಟೈಟ್ರೇಷನ್ ಮಾಡಿ ನೋಡಿ. ನಿಮ್ಮ ಫ್ರಿಜ್‌ನಲ್ಲಿರುವ ನಿಂಬೆಹಣ್ಣಿನ ಲೆಕ್ಕ ಯಾವ ಗೈಡ್‌ನಲ್ಲೂ ಇಲ್ಲ.

ತತ್ವ ಸರಳ. ವಿಟಮಿನ್ ಸಿ ಅಯೋಡಿನ್ನನ್ನು ಅಯೋಡೈಡ್ ಮಾಡಿ, ಬಣ್ಣ ತೆಗೆದುಬಿಡುತ್ತದೆ. ವಿಟಮಿನ್ ಮುಗಿದ ಮೇಲೆ ಬೀಳುವ ಅಯೋಡಿನ್ ಗಂಜಿಯ ಜೊತೆ ಸೇರಿ ನೀಲಿಯಾಗುತ್ತದೆ.

1. ಮೊದಲು ಮೆಡಿಕಲ್ ಶಾಪ್

ಗಾಯಕ್ಕೆ ಹಚ್ಚುವ 10% ಪೊವಿಡೋನ್ ಅಯೋಡಿನ್ ದ್ರಾವಣ ಕೇಳಿ. ಮುಲಾಮು ಬೇಡ. ‘ಸ್ಕ್ರಬ್’ ಅಂತ ಬರೆದ ಬಾಟಲಿಯೂ ಬೇಡ, ಅದರಲ್ಲಿ ಸೋಪಿನಂಥದ್ದು ಸೇರಿರುತ್ತದೆ, ನೊರೆ ಬರುತ್ತದೆ. 500 ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆ ತನ್ನಿ, ಬಿಳಿಯದು ಸಿಕ್ಕಿದರೆ ಒಳ್ಳೆಯದು. ಕಿತ್ತಳೆ ಬಣ್ಣದ ಚೀಪುವ ಮಾತ್ರೆಯಲ್ಲೂ ಆಗುತ್ತದೆ, ಕಣ್ಣಿಗೆ ಕೆಲಸ ಜಾಸ್ತಿ ಅಷ್ಟೆ. 5 ಮಿಲಿ ಸಿರಿಂಜ್ ಎರಡು ಬೇಕು, ಸೂಜಿ ಬೇಡ. ಇನ್ಸುಲಿನ್ ಸಿರಿಂಜ್ ತಂದು ಪೇಚಾಡಿದವರನ್ನು ನೋಡಿದ್ದೇನೆ. ಅದರ ಗೆರೆಗಳು ಮಿಲಿಯಲ್ಲಿರುವುದಿಲ್ಲ, ಯೂನಿಟ್‌ನಲ್ಲಿರುತ್ತವೆ. ಆನ್‌ಲೈನ್‌ನಲ್ಲಿ ಸಿಗುವ ಚಂದದ ಡಬ್ಬಿಯ ‘ಸೈನ್ಸ್ ಕಿಟ್’ಗಳಿಗೆ ದುಡ್ಡು ಸುರಿಯಬೇಡಿ.

2. ಮೂರು ದ್ರಾವಣ

ಸೀಲ್ ಇರುವ ಅರ್ಧ ಲೀಟರ್ ನೀರಿನ ಬಾಟಲಿ ತೆಗೆದು, ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಅದರೊಳಗೇ ಹಾಕಿ, ಚೆನ್ನಾಗಿ ಕುಲುಕಿ. ಈಗ 1 ಮಿಲಿಯಲ್ಲಿ 1 ಮಿಲಿಗ್ರಾಂ ವಿಟಮಿನ್. ತಳದಲ್ಲಿ ಸುಣ್ಣದಂತೆ ಏನೋ ಉಳಿದರೆ ಅದು ಮಾತ್ರೆಯ ಅಂಟು, ಬಿಡಿ. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ.

10 ಮಿಲಿ ಅಯೋಡಿನ್‌ಗೆ 90 ಮಿಲಿ ನೀರು. ಇಲ್ಲಿ ಕೊಂಚ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಆದರೆ ಎಲ್ಲ ರೀಡಿಂಗ್‌ಗೂ ಅದೇ ಬಾಟಲಿ ಬಳಸಿ.

ಇನ್ನೊಂದು ಗಂಜಿ. ಅನ್ನದ ಗಂಜಿ ತಿಳಿಯೇ ಸಾಕು. ಪೂರ್ತಿ ಆರಿರಬೇಕು, ಬಿಸಿಯಲ್ಲಿ ನೀಲಿ ನಿಲ್ಲುವುದಿಲ್ಲ.

3. ಮಾತ್ರೆಯ ಟೈಟ್ರೇಷನ್: ಎಲ್ಲರೂ ಎಡವುವುದು ಇಲ್ಲೇ

ಗಾಜಿನ ಲೋಟಕ್ಕೆ 5 ಮಿಲಿ ಮಾತ್ರೆ ದ್ರಾವಣ, ಅರ್ಧ ಲೋಟ ನೀರು, ಒಂದು ಚಮಚ ಗಂಜಿ ಹಾಕಿ. ಲೋಟದ ಕೆಳಗೆ ಬಿಳಿ ಹಾಳೆ ಇರಲಿ. ಕಿಟಕಿಯ ಬೆಳಕಿನಲ್ಲಿ ಕೂತುಕೊಳ್ಳಿ, ಹಳದಿ ಬಲ್ಬಿನ ಕೆಳಗೆ ಬೇಡ.

ಸಿರಿಂಜ್‌ಗೆ ಅಯೋಡಿನ್ ಎಳೆದು, ಮೂತಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ ಗುಳ್ಳೆ ಹೊರಗೆ ಹಾಕಿ. ಒಂದು ಗುಳ್ಳೆ ಉಳಿದರೂ ಅಷ್ಟು ಮಿಲಿ ಸುಳ್ಳು. ಗೆರೆ ಓದುವಾಗ ಸಿರಿಂಜ್ ಒಳಗಿನ ಕಪ್ಪು ರಬ್ಬರಿನಲ್ಲಿ ಮೂತಿಯತ್ತ ಇರುವ ಅಂಚನ್ನೇ ನೋಡಿ.

ಈಗ ಹನಿ ಬಿಡಿ. ಬಿದ್ದ ಜಾಗದಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿ ಕಾಣುತ್ತದೆ, ಲೋಟ ತಿರುಗಿಸಿದರೆ ಮಾಯ. ಮೊದಲ ನಾಲ್ಕೈದು ಮಿಲಿ ಹೀಗೇ ಬೇಗ ಬೇಗ ಹೋಗಲಿ. ಆಮೇಲೆ ನೀಲಿ ಮಾಯವಾಗಲು ಸೋಮಾರಿತನ ಮಾಡುತ್ತದೆ. ಒಂದು ಸೆಕೆಂಡ್, ಎರಡು ಸೆಕೆಂಡ್. ಕೈ ನಿಧಾನ ಮಾಡಬೇಕಾದ್ದು ಅಲ್ಲಿ. ಒಂದು ಹನಿ, ಒಂದು ಸುತ್ತು, ನೋಡಿ, ಮತ್ತೊಂದು ಹನಿ. ಮೂತಿಯಲ್ಲಿ ಅರ್ಧ ಹನಿ ನೇತಾಡುತ್ತಿದ್ದರೆ ಲೋಟದ ಗೋಡೆಗೆ ತಾಗಿಸಿ, ಸ್ವಲ್ಪ ನೀರಿನಿಂದ ಒಳಗೆ ತೊಳೆಯಿರಿ. ಮೋಡ ಮುಸುಕಿದ ಆಕಾಶದಂಥ ತೆಳು ನೀಲಿ 20 ಸೆಕೆಂಡ್ ನಿಂತರೆ ಮುಗಿಯಿತು. ಆಮೇಲೆ ಮಾಸಿದರೂ ಬೆನ್ನಟ್ಟಬೇಡಿ.

ವಿಜ್ಞಾನ ಮೇಳಗಳಲ್ಲಿ ಮಕ್ಕಳು ಕಾಯುವುದು ಕಡುನೀಲಿಗೆ. ಫೋಟೊಗೆ ಚೆನ್ನಾಗಿ ಕಾಣುತ್ತದಲ್ಲ! ಅಷ್ಟು ಹೊತ್ತಿಗೆ ಒಂದು ಮಿಲಿ ಜಾಸ್ತಿ ಬಿದ್ದಿರುತ್ತದೆ. ಇಲ್ಲಿ ಒಟ್ಟು ಖರ್ಚಾಗುವುದೇ ಸುಮಾರು 7 ಮಿಲಿ. ಒಂದು ಮಿಲಿ ತಪ್ಪಿದರೆ ನೂರಕ್ಕೆ 14ರಷ್ಟು ತಪ್ಪು.

ನನ್ನ ಮಾತು ಕೇಳುವುದಾದರೆ ಮೊದಲ ಲೋಟವನ್ನು ಬೇಕಂತಲೇ ಕೆಡಿಸಿ. ನೀಲಿ ಎಲ್ಲಿ ಬರುತ್ತದೆ ಅಂತ ಗೊತ್ತಾಗಲಿ. ಎರಡನೆಯದು ಸರಿಯಾಗಿ ಬಂದರೆ ಅದನ್ನು ಚೆಲ್ಲದೆ ಪಕ್ಕದಲ್ಲಿಟ್ಟು, ಮೂರನೆಯದರ ಬಣ್ಣ ಹೋಲಿಸಿ. 0.2 ಮಿಲಿ ಒಳಗೆ ಎರಡು ರೀಡಿಂಗ್ ಬರುವವರೆಗೆ ಎದ್ದು ಹೋಗಬೇಡಿ.

4. ನಿಂಬೆರಸ

ಹಿಂಡಿ, ಟೀ ಜಾಲರಿಯಲ್ಲಿ ಸೋಸಿ, 10 ಮಿಲಿ ತೆಗೆದುಕೊಂಡು ಅದೇ ರೀತಿ ಮಾಡಿ.

5. ಲೆಕ್ಕ

ಮೋಲಾರಿಟಿ, ಅಂದರೆ ದ್ರಾವಣದ ಸಾಂದ್ರತೆಯ ಲೆಕ್ಕ ಬೇಡ. ಮಾತ್ರೆಯ 5 ಮಿಲಿಗ್ರಾಂಗೆ 7.2 ಮಿಲಿ ಅಯೋಡಿನ್, ನಿಂಬೆಗೆ 4.3 ಮಿಲಿ ಹಿಡಿಯಿತು ಅಂದುಕೊಳ್ಳಿ. 4.3ನ್ನು 7.2ರಿಂದ ಭಾಗಿಸಿ 5ರಿಂದ ಗುಣಿಸಿದರೆ ಸುಮಾರು 3 ಮಿಲಿಗ್ರಾಂ. ಅಂದರೆ 100 ಮಿಲಿ ರಸದಲ್ಲಿ 30.

ನಿಜವಾದ ಮಜಾ ಇದರ ನಂತರ. ಒಂದೇ ಮಾತ್ರೆ ದ್ರಾವಣವನ್ನು ತಾಮ್ರದ ಚೊಂಬಿನಲ್ಲಿ ಮತ್ತು ಗಾಜಿನ ಲೋಟದಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಅಳೆಯಿರಿ. ವಿಟಮಿನ್ ಸಿ ಗಾಳಿಯ ಆಮ್ಲಜನಕಕ್ಕೆ ಸಿಕ್ಕು ಹಾಳಾಗುವುದನ್ನು ತಾಮ್ರದ ಅಯಾನುಗಳು ಚುರುಕು ಮಾಡುತ್ತವೆ. ಆ ಚೊಂಬಿನದ್ದನ್ನು ಕುಡಿಯಬೇಡಿ. ಚಿತ್ರಾನ್ನವನ್ನು ಒಲೆಯಿಂದ ಇಳಿಸಿದ ಮೇಲೇ ನಿಂಬೆ ಹಿಂಡು ಅನ್ನುತ್ತಾರಲ್ಲ ಅಜ್ಜಿ, ರಸ ಕುದಿಸಿ ಅದನ್ನೂ ಪರೀಕ್ಷಿಸಿ.

ಕೆಂಪು ದೊಣ್ಣೆಮೆಣಸಿನಕಾಯಿ ಸಿಕ್ಕರೆ ಬಿಡಬೇಡಿ. ಹಂಗೆರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ವಿಟಮಿನ್ ಸಿಯನ್ನು ಕಿಲೋಗಟ್ಟಲೆ ತೆಗೆದದ್ದು ಇದರ ಬಳಗದ ಪಾಪ್ರಿಕಾ ಮೆಣಸಿನಿಂದ. 1937ರ ನೊಬೆಲ್ ಅವರಿಗೆ ಬಂತು. ನೆಲ್ಲಿಕಾಯಿ ಮಾತ್ರ ಮೋಸ ಮಾಡುತ್ತದೆ. ಅದರ ಒಗರಿನ ಟ್ಯಾನಿನ್‌ಗಳೂ ಅಯೋಡಿನ್ ತಿನ್ನುವುದರಿಂದ ಅಂಕಿ ಉಬ್ಬಿ ಬರುತ್ತದೆ. ಪ್ರಾಜೆಕ್ಟ್‌ನಲ್ಲಿ ಆ ಅಂಕಿಯನ್ನು ಸುಮ್ನೆ ಹಾಗೇ ಬರೆಯಬೇಡಿ, ಕಾರಣವನ್ನೂ ಬರೆಯಿರಿ.

ಅಯೋಡಿನ್ ಅಲರ್ಜಿ ಇರುವವರು ಇದಕ್ಕೆ ಕೈ ಹಾಕಬೇಡಿ. ಬಳಸಿದ ಲೋಟಗಳು ಮತ್ತೆ ಅಡುಗೆಗೆ ಬೇಡ. ಕಟ್ಟೆಯ ಮೇಲೆ ಕಂದು ಕಲೆ ಬಿದ್ದರೆ ಅಮ್ಮ ಬರುವ ಮೊದಲು ಉಳಿದ ಮಾತ್ರೆ ನೀರು ಸುರಿದು ಒರೆಸಿ.